ರೂಪಾಯಿಗೆ ಹನ್ನೆರಡಾಣೆ ನೋವು

ಅಮ್ಮನಿಗೆ ಈಗ 71 ವರ್ಷ. ಸಕ್ಕರೆ ಕಾಯಿಲೆ ಕಾಣಿಸಿಕೊಂಡು 18 ವರ್ಷಗಳಾದವು. ಅಂಗಾಲು ಉರಿ ಶುರುವಾಗಿ ಮೂರು ವರ್ಷ ತುಂಬುತ್ತ ಬಂತು. ಹಗಲು ಹೊತ್ತು ಮನೆಗೆಲಸದ ನಡುವೆ ಹೇಗೋ ಹಿಂದೆ ಸರಿದಿರುವ ಆ ಉರಿ, ರಾತ್ರಿ ದೀಪ ಆರಿಸಿದ ಮೇಲೆ ತಲೆಯೆತ್ತುತ್ತದೆ. ಎರಡು ಗಂಟೆಯ ಸುಮಾರಿಗೆ ಅವಳು ಎದ್ದು, ಹಾಸನದ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಕೆಂಪು ಗಾರೆಯ ನೆಲದ ಮೇಲೆ ಬರಿಗಾಲಲ್ಲಿ ನಿಂತುಕೊಳ್ಳುತ್ತಾಳೆ; ನಿಂತ ಜಾಗ ಬೆಚ್ಚಗಾದೊಡನೆ ಒಂದು ಹೆಜ್ಜೆ ಸರಿದು ಮತ್ತೊಂದು ತಣ್ಣನೆಯ ಜಾಗ ಹುಡುಕುತ್ತಾಳೆ. ಹೊದಿಕೆಯ ಅಂಚು ಬೆರಳಿಗೆ ತಾಗಿದರೂ ತಡೆಯಲಾಗುವುದಿಲ್ಲವೆಂದು, ಹಾಸಿಗೆಯ ಕಾಲ ಕಡೆ ಊಟದ ಮಣೆಯೊಂದನ್ನು ಅಡ್ಡಲಾಗಿ ನಿಲ್ಲಿಸಿ, ಅದರ ಮೇಲೆ ಹೊದಿಕೆಯನ್ನು ಗುಡಾರದಂತೆ ಇಳಿಬಿಟ್ಟುಕೊಂಡು ಮಲಗುವ ಉಪಾಯವನ್ನು ಅವಳೇ ಕಂಡುಕೊಂಡಳು. ನೋಯಿಸಬಾರದ ಸ್ಪರ್ಶವೂ ನೋಯಿಸುವ ಈ ಸ್ಥಿತಿಗೆ ವೈದ್ಯರು ಅಲೊಡೀನಿಯ ಎಂದು ಹೆಸರಿಟ್ಟಿದ್ದಾರೆಂಬುದು ನನಗೆ ಆಮೇಲೆ ತಿಳಿಯಿತು.

ಮೊದಲು ನಾವು ಹೋದ ಆಸ್ಪತ್ರೆಯಲ್ಲಿ ನರ್ವ್ ಕಂಡಕ್ಷನ್ ಪರೀಕ್ಷೆ ಮಾಡಿಸಿದರು. ತಂಪಾದ ಸಣ್ಣ ಕೋಣೆ, ಒಂದು ಮಂಚ, ಕಂಪ್ಯೂಟರಿನ ಪರದೆ. ತಂತ್ರಜ್ಞೆ ಅಮ್ಮನ ಪಾದಕ್ಕೆ ಅಂಟುವ ವಿದ್ಯುದ್ವಾರಗಳನ್ನು ಹಚ್ಚಿ, ಮೀನಖಂಡದ ಹತ್ತಿರ ಸಣ್ಣ ಸಣ್ಣ ಶಾಕ್ ಕೊಟ್ಟಳು. ಪ್ರತಿ ಬಾರಿಯೂ ಪಾದ ತಾನಾಗಿ ತುಸು ಹಾರಿತು, ಪರದೆಯ ಮೇಲೆ ಒಂದು ಅಲೆ ಎದ್ದು ಬಿತ್ತು. ಅಲೆ ಎಷ್ಟು ಎತ್ತರ, ಎಷ್ಟು ಹೊತ್ತಿಗೆ ಬಂತು ಎಂಬುದರಿಂದ ನರದ ಸಂಕೇತದ ವೇಗ ತಿಳಿಯುತ್ತದೆ. ಕಾಲಿನ ನರಗಳಲ್ಲಿ ಅದು ಸೆಕೆಂಡಿಗೆ ಸುಮಾರು 40 ಮೀಟರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಅಮ್ಮನ ವರದಿಯ ಕೊನೆಯಲ್ಲಿ ನಾರ್ಮಲ್ ಎಂದು ಬರೆದಿತ್ತು. ವರದಿಯನ್ನು ನೋಡಿದ ವೈದ್ಯರು, ನರಗಳೆಲ್ಲ ಚೆನ್ನಾಗಿವೆ, ವಯಸ್ಸಾದ ಮೇಲೆ ಮನಸ್ಸಿಗೆ ಹೀಗೆಲ್ಲ ಅನಿಸುತ್ತದೆ ಎಂದು ಹೇಳಿ ನಿದ್ರೆಯ ಮಾತ್ರೆ ಬರೆದುಕೊಟ್ಟರು. ಆ ದಿನ ಆಟೋದಲ್ಲಿ ಮನೆಗೆ ಬರುವಾಗ ಅಮ್ಮ ಮಾತಾಡಲಿಲ್ಲ. ಹೊರದೇಶದಲ್ಲಿರುವ ಅಣ್ಣ ಫೋನಿನಲ್ಲಿ, ರಿಪೋರ್ಟ್ ನಾರ್ಮಲ್ ಬಂದಿದೆಯಲ್ಲ, ಮತ್ಯಾಕೆ ಯೋಚನೆ ಎಂದ. ಅವನದು ತಪ್ಪಲ್ಲ. ಅಚ್ಚಾದ ಅಂಕಿಯ ಎದುರು ಬಾಯಿಮಾತು ಸೋಲುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅದು ನನ್ನ ತಾಯಿಯ ಮಾತಾದ್ದರಿಂದ ಈ ಸಲ ಸಹಿಸಲು ಆಗಲಿಲ್ಲ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ವರ್ಷದ ಮೊದಲ ಪಾಠವೇ ಮಾಪನ. ಉಪಕರಣವೊಂದು ಏನನ್ನು ಅಳೆಯುತ್ತದೆ ಎಂಬುದರಷ್ಟೇ ಏನನ್ನು ಅಳೆಯುವುದಿಲ್ಲ ಎಂಬುದೂ ತಿಳಿದಿರಬೇಕೆಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಮೀಟರ್ ಪಟ್ಟಿಯಿಂದ ಕೂದಲಿನ ದಪ್ಪ ಅಳೆಯಲು ಹೊರಟು ಸೊನ್ನೆ ಬಂತೆಂದರೆ ಕೂದಲಿಗೆ ದಪ್ಪವೇ ಇಲ್ಲವೆಂದು ಯಾರೂ ಬರೆಯುವುದಿಲ್ಲ. ಅಮ್ಮನ ಕಾಲಿಗೆ ಮಾಡಿದ ಪರೀಕ್ಷೆಯಲ್ಲಿ ಆದದ್ದು ಅದೇ ಎಂಬುದನ್ನು ಎರಡನೆಯ ವೈದ್ಯರು ವಿವರಿಸಿದಾಗ, ಇಷ್ಟು ಸರಳವಾದ ಮಾತನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಎಂದುಕೊಂಡೆ.

ಅವರು ಹೇಳಿದ್ದು ಹೀಗೆ. ಒಂದು ನರವೆಂದರೆ ಒಂದೇ ತಂತಿಯಲ್ಲ, ಬೇರೆ ಬೇರೆ ದಪ್ಪದ ಸಾವಿರಾರು ತಂತುಗಳ ಕಟ್ಟು. ಸ್ಪರ್ಶ, ಕಂಪನ, ಕೀಲುಗಳ ಸ್ಥಾನ ಇವನ್ನು ತಿಳಿಸುವ ದಪ್ಪ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುವುದರಿಂದ ಅವುಗಳ ಸಂಕೇತ ಬಲು ವೇಗವಾಗಿ ಓಡುತ್ತದೆ. ನೋವನ್ನೂ ಬಿಸಿ ತಂಪುಗಳನ್ನೂ ತಿಳಿಸುವವು ತೆಳು ತಂತುಗಳು: ಎ-ಡೆಲ್ಟಾ ಎಂಬವು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದವು, ಹೊದಿಕೆಯೇ ಇಲ್ಲದ ಸಿ ತಂತುಗಳು ಸುಮಾರು ಅರ್ಧದಿಂದ 2 ಮೀಟರ್ ವೇಗದವು. ಕತ್ತಲೆಯಲ್ಲಿ ಹೊಸ್ತಿಲು ಎಡವಿದಾಗ ಮೊದಲು ಚುರುಕ್ ಎಂದು, ಒಂದು ಗಳಿಗೆ ಬಿಟ್ಟು ಹೊಟ್ಟೆಯೊಳಗಿನವರೆಗೆ ಇಳಿಯುವ ಎರಡನೆಯ ನೋವು ಬರುವುದಲ್ಲ, ಅದಕ್ಕೆ ಕಾರಣ ಇದೇ. ಹೆಬ್ಬೆರಳಿನಿಂದ ಬೆನ್ನುಹುರಿಯವರೆಗಿನ ಸುಮಾರು ಒಂದು ಮೀಟರ್ ದಾರಿಯನ್ನು ಎ-ಡೆಲ್ಟಾ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತದೆ, ಸಿ ತಂತು ಹತ್ತಿರ ಹತ್ತಿರ ಒಂದು ಸೆಕೆಂಡು ತೆಗೆದುಕೊಳ್ಳುತ್ತದೆ. ನರ್ವ್ ಕಂಡಕ್ಷನ್ ಯಂತ್ರ ಹಿಡಿಯುವುದು ದಪ್ಪ ತಂತುಗಳ ಸಂಕೇತವನ್ನು ಮಾತ್ರ; ತೆಳು ತಂತುಗಳ ಸಂಕೇತ ಅದರ ಪಾಲಿಗೆ ಇಲ್ಲವೇ ಇಲ್ಲ. ಸಕ್ಕರೆ ಕಾಯಿಲೆಯಲ್ಲಿ ಅನೇಕರಿಗೆ ಮೊದಲು ಹಾಳಾಗುವವು ಈ ತೆಳು ತಂತುಗಳೇ. ಆದ್ದರಿಂದ ಕಾಲು ಕೆಂಡದಂತೆ ಉರಿಯುತ್ತಿರುವಾಗಲೂ ವರದಿ ನಾರ್ಮಲ್ ಎಂದು ಬರುವುದರಲ್ಲಿ ವಿಚಿತ್ರವೇನೂ ಇಲ್ಲ, ಯಂತ್ರದ ತಪ್ಪೂ ಇಲ್ಲ. ತಪ್ಪು ಓದಿದ ರೀತಿಯದು. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಇದೇ ಮಾತನ್ನು ಕೇಳಿಸಿಕೊಂಡು ಆಟೋದಲ್ಲಿ ಸುಮ್ಮನೆ ಕುಳಿತು ಮನೆಗೆ ಹೋದ ತಾಯಂದಿರು ಇನ್ನೆಷ್ಟು ಜನರೋ.

ಎರಡನೆಯ ವೈದ್ಯರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರೂ ಎಲ್ಲರಂತೆ, "ಅಮ್ಮಾ, ನೋವೇ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು. ನಿಮ್ಮದು ಎಷ್ಟು?" ಎಂದು ಕೇಳಿದರು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಅಂಕ ಹಾಕೋದು ನನಗೆ ಗೊತ್ತಾಗಲ್ಲ ಕಣಪ್ಪ. ರೂಪಾಯಿಗೆ ಹನ್ನೆರಡಾಣೆ ಐತೆ ಅಂತ ಇಟ್ಕೊ" ಎಂದಳು. ನನಗೆ ಸಂಕೋಚವಾಯಿತು, ವೈದ್ಯರಿಗೆ ಆಗಲಿಲ್ಲ. "ಹಾಗಾದ್ರೆ ಹದಿನಾರಾಣೆ ನೋವು ಯಾವುದು?" ಎಂದು ಕೇಳಿದರು. "ಇವಳನ್ನ ಹೆತ್ತಾಗ ಆಗಿದ್ದು" ಎಂದು ಅಮ್ಮ ನನ್ನ ಕಡೆ ಕೈ ತೋರಿಸಿದಳು. ವೈದ್ಯರು ಕಡತದಲ್ಲಿ 12/16 ಎಂದು ಬರೆದುಕೊಂಡರು.

1957ರಲ್ಲಿ ದಶಮಾಂಶ ನಾಣ್ಯ ಬಂದು ಆಣೆ ಹೋಯಿತು. ಹದಿನಾರಾಣೆ ಸತ್ಯ, ಎಂಟಾಣೆ ವಾಸಿ ಎಂಬ ಮಾತುಗಳು ಮಾತ್ರ ನಮ್ಮ ಹಿರಿಯರ ನಾಲಗೆಯಲ್ಲಿ ಉಳಿದವು. ಸೊನ್ನೆಯಿಂದ ಹತ್ತರ ಅಳತೆ ಅಮ್ಮನಿಗೆ ಹೊರಗಿನದು, ಆಣೆಯ ಅಳತೆ ಒಳಗಿನದು. ಅದಕ್ಕಿಂತ ಮುಖ್ಯವಾಗಿ, ಆ ಅಳತೆಗೆ ಅವಳು ಒಂದು ಮೇಲಿನ ತುದಿಯನ್ನೂ ಗೊತ್ತುಮಾಡಿದಳು. ಉಷ್ಣಮಾಪಕಕ್ಕೆ ಅರ್ಥ ಬರುವುದು ಕರಗುವ ಮಂಜು ಮತ್ತು ಕುದಿಯುವ ನೀರು ಎಂಬ ಎರಡು ಸ್ಥಿರ ಬಿಂದುಗಳಿಂದ. ಹಾಸನದ ಮಂಜು ಕರಗುವುದೂ ಲಂಡನ್ನಿನ ಮಂಜು ಕರಗುವುದೂ ಒಂದೇ ಉಷ್ಣತೆಯಲ್ಲಿ, ಆದ್ದರಿಂದ ಎರಡೂ ಊರಿನ ಮಾಪಕಗಳನ್ನು ಹೋಲಿಸಬಹುದು. ನೋವಿಗೆ ಅಂಥ ಬಿಂದುಗಳಿಲ್ಲ. ಒಬ್ಬಳ ಹದಿನಾರಾಣೆ ಇನ್ನೊಬ್ಬಳ ಹದಿನಾರಾಣೆಯಲ್ಲ. ನರದ ನೋವನ್ನು ವಸ್ತುನಿಷ್ಠವಾಗಿ ಅಳೆಯಲು ನಡೆದಿರುವ ಪ್ರಯತ್ನಗಳೆಲ್ಲ ಈ ಒಂದು ಕೊರತೆಯ ಸುತ್ತಲೇ ತಿರುಗುತ್ತಿವೆ ಎಂಬುದು, ಕಳೆದ ಎರಡು ವರ್ಷ ಓದಿದ ಮೇಲೆ ನನಗೆ ಅನಿಸಿದ್ದು.

ಸ್ಥಿರ ಬಿಂದುವನ್ನು ಕೃತಕವಾಗಿಯಾದರೂ ಮಾಡಿಕೊಳ್ಳಬಹುದೆಂದು ಹೊರಟವರಿದ್ದರು. 1940ರ ದಶಕದಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಜೇಮ್ಸ್ ಹಾರ್ಡಿ, ಹೆರಾಲ್ಡ್ ವೋಲ್ಫ್ ಮತ್ತು ಹೆಲೆನ್ ಗುಡೆಲ್ ತಮ್ಮ ಹಣೆಗೆ ಕಪ್ಪು ಮಸಿ ಬಳಿದುಕೊಂಡು, ದೊಡ್ಡ ದೀಪವೊಂದರ ಕಾವನ್ನು ಮಸೂರದಿಂದ ಅಲ್ಲಿಗೆ ಮೂರು ಸೆಕೆಂಡು ಬೀಳಿಸಿ, ಯಾವ ಕಾವಿಗೆ ನೋವು ಶುರುವಾಗುತ್ತದೆ, ಎಷ್ಟು ಹೆಚ್ಚಿಸಿದರೆ ನೋವು ಒಂದು ಮೆಟ್ಟಿಲು ಏರಿದಂತೆ ತಿಳಿಯುತ್ತದೆ ಎಂದು ತಾಳ್ಮೆಯಿಂದ ಲೆಕ್ಕ ಹಾಕಿದರು. ಮೊದಲ ನೋವಿನಿಂದ ಅತಿ ಹೆಚ್ಚಿನ ನೋವಿನವರೆಗೆ ಅವರಿಗೆ 21 ಮೆಟ್ಟಿಲು ಸಿಕ್ಕವು. ಎರಡು ಮೆಟ್ಟಿಲಿಗೆ ಒಂದು ಡಾಲ್ ಎಂದು ಮಾನಕ್ಕೆ ಹೆಸರಿಟ್ಟು, 10.5 ಡಾಲ್‌ಗಳ ಅಳತೆಗೋಲನ್ನು ಸಿದ್ಧಪಡಿಸಿದರು. ಹೆರಿಗೆಯ ನೋವಿನಲ್ಲಿದ್ದ ಹೆಂಗಸರಿಗೂ ನೋವಿನ ಬಿಡುವಿನಲ್ಲಿ ಕೈಗೆ ಕಾವು ತಾಗಿಸಿ, ಇದು ಅದಕ್ಕೆ ಸಮವೇ ಎಂದು ಕೇಳಿ ಅಳೆದರು. ಅಮ್ಮ ಹದಿನಾರಾಣೆ ಎಂದ ನೋವನ್ನು ಅವರು ಡಾಲ್‌ಗಳಲ್ಲಿ ಬರೆದರೆಂದು ಓದಿದಾಗ ನನ್ನ ಮೈ ಜುಮ್ಮೆಂದಿತು.

ಆ ಅಳತೆಗೋಲು ನಿಲ್ಲಲಿಲ್ಲ. ಬೇರೆ ಪ್ರಯೋಗಾಲಯಗಳಲ್ಲಿ ಅದೇ ಅಂಕಿಗಳು ಬರಲಿಲ್ಲ. ಅದೇ ಕಾಲದಲ್ಲಿ ಹೆನ್ರಿ ಬೀಚರ್ ಎಂಬ ಅರಿವಳಿಕೆ ತಜ್ಞ, ಎರಡನೆಯ ಮಹಾಯುದ್ಧದ ಇಟಲಿಯ ರಣರಂಗದಲ್ಲಿ ತೀವ್ರವಾಗಿ ಗಾಯಗೊಂಡ 215 ಸೈನಿಕರನ್ನು ವಿಚಾರಿಸಿ, ಅವರಲ್ಲಿ ಮುಕ್ಕಾಲು ಪಾಲು ಜನ ನೋವಿಗೆ ಔಷಧಿ ಬೇಡವೆಂದರೆಂದು 1946ರಲ್ಲಿ ವರದಿ ಮಾಡಿದ. ಗಾಯದ ಗಾತ್ರ ಒಂದೇ ಇದ್ದರೂ, ಇನ್ನು ಯುದ್ಧಕ್ಕೆ ಹೋಗಬೇಕಾಗಿಲ್ಲ ಎಂಬ ಬಿಡುಗಡೆ ಅನುಭವವನ್ನೇ ಬದಲಿಸಿರಬೇಕೆಂಬುದು ಅವನ ಊಹೆ. ಪ್ರಯೋಗಾಲಯದಲ್ಲಿ ಹಣೆಗೆ ತಾಗಿಸಿದ ಕಾವು ಯಾವಾಗ ನಿಲ್ಲುತ್ತದೆಂದು ಎದುರಿಗಿರುವವನಿಗೆ ಗೊತ್ತಿರುತ್ತದೆ. ರಾತ್ರಿ ಎರಡು ಗಂಟೆಗೆ ಗಾರೆ ನೆಲದ ಮೇಲೆ ನಿಂತವಳಿಗೆ ಗೊತ್ತಿರುವುದಿಲ್ಲ.

ಯಂತ್ರ ಕಾಣದ ತೆಳು ತಂತುಗಳನ್ನು ಕಣ್ಣಾರೆ ಕಾಣುವ ವಿಧಾನ ಇದೆಯೆಂದು ತಿಳಿದ ಮೇಲೆ ನಾನು ಅದಕ್ಕಾಗಿ ಹಟ ಹಿಡಿದೆ. ಅದು ಚರ್ಮದ ಬಯಾಪ್ಸಿ. ಕಾಲಿನ ಹೊರಗಂಟಿನಿಂದ ಹತ್ತು ಸೆಂಟಿಮೀಟರ್ ಮೇಲೆ, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಮೂರು ಮಿಲಿಮೀಟರ್ ಅಗಲದ ಚರ್ಮದ ಚೂರೊಂದನ್ನು ತೆಗೆಯುತ್ತಾರೆ, ಹೊಲಿಗೆಯೂ ಬೇಕಾಗುವುದಿಲ್ಲ. ಅದನ್ನು ತೆಳ್ಳಗೆ ಕೊಯ್ದು, ಪಿಜಿಪಿ 9.5 ಎಂಬ ಪ್ರೋಟೀನಿಗೆ ಅಂಟುವ ಬಣ್ಣ ಹಾಕಿದರೆ, ಚರ್ಮದ ಮೇಲ್ಪದರಕ್ಕೆ ನುಗ್ಗಿದ ನರದ ತುದಿಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಒಂದು ಮಿಲಿಮೀಟರಿಗೆ ಎಷ್ಟು ತುದಿಗಳೆಂದು ಎಣಿಸಿ, ಅದೇ ವಯಸ್ಸಿನ ಆರೋಗ್ಯವಂತ ಹೆಂಗಸರ ಎಣಿಕೆಯೊಡನೆ ಹೋಲಿಸುತ್ತಾರೆ. ಇದು ನನ್ನಂಥವಳಿಗೆ ಸಮಾಧಾನ ಕೊಡುವ ಅಳತೆ: ಎಣಿಕೆ ಇದೆ, ಮಾನ ಇದೆ, ರೋಗಿ ಬಾಯಿ ಬಿಡಬೇಕಾಗಿಲ್ಲ. ನನ್ನ ಹಟ ಕಂಡ ವೈದ್ಯರು, "ನಿಮ್ಮ ತಾಯಿಗೆ ನೋವಿದೆ ಅಂತ ನಂಬೋಕೆ ನನಗೆ ಇದು ಬೇಕಿಲ್ಲ ಮೇಡಂ. ಉರಿ, ಚಳುಕು, ಜೋಮು, ಕರೆಂಟ್ ಹೊಡೆದ ಹಾಗೆ ಆಗೋದು, ಮುಟ್ಟಿದ್ರೆ ನೋವು, ಸೂಜಿ ಚುಚ್ಚಿದ್ರೆ ಗೊತ್ತಾಗದೇ ಇರೋದು, ಎಲ್ಲಾ ಹೇಳ್ತಾ ಇದ್ದಾರೆ. ನಿಮಗೆ ಬೇಕು ಅಂದ್ರೆ ಮಾಡೋಣ" ಎಂದರು. ಅವರು ಎಣಿಸಿದ್ದು ಡಿಎನ್4 ಎಂಬ ಪ್ರಶ್ನಾವಳಿಯ ಅಂಶಗಳನ್ನು. 2005ರಲ್ಲಿ ಫ್ರಾನ್ಸಿನ ತಜ್ಞರು ರೂಪಿಸಿದ ಅದರಲ್ಲಿ ಹತ್ತು ಅಂಶಗಳಿವೆ, ನಾಲ್ಕು ಹೌದಾದರೆ ನೋವು ನರದ್ದೆಂದು ಬಗೆಯಬಹುದು. ಅಮ್ಮನಿಗೆ ಆರು ಹೌದಾಗಿದ್ದವು. ಹಾಗೆಯೇ, ಬಹುಕಾಲ ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಿ ಇಂಥದೇ ತೊಂದರೆ ಬರಬಹುದೆಂದು ರಕ್ತದಲ್ಲಿ ಅದನ್ನೂ ನೋಡಿಸಿದರು, ಅದು ಸರಿಯಿತ್ತು.

ಬಯಾಪ್ಸಿಯ ವರದಿ ಮೂರು ವಾರದ ಮೇಲೆ ಬಂತು. ನರದ ತುದಿಗಳು ಅವಳ ವಯಸ್ಸಿಗೆ ಇರಬೇಕಾದ ಕನಿಷ್ಠಕ್ಕಿಂತ ಸ್ಪಷ್ಟವಾಗಿ ಕಡಿಮೆ ಇದ್ದವು. ನಾನು ಅದರ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅವನು ಆ ರಾತ್ರಿಯೇ ಫೋನು ಮಾಡಿ ಅಮ್ಮನ ಹತ್ತಿರ ಬಹಳ ಹೊತ್ತು ಮಾತಾಡಿದ, ಗಂಟಲು ಕಟ್ಟಿ ಮಾತಾಡಿದ. ಹಿಂದಿನ ದಿನವೂ ಅಮ್ಮನಿಗೆ ಅಷ್ಟೇ ಉರಿಯಿತ್ತು, ಆ ದಿನವೂ ಅಷ್ಟೇ ಇತ್ತು. ಬದಲಾದದ್ದು ಕಾಗದ ಒಂದೇ. ಆ ಕಾಗದಕ್ಕೆ ಇರುವ ಬಲವನ್ನು ಕಂಡು ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು.

ಸಂಕಟಕ್ಕೆ ಇನ್ನೊಂದು ಕಾರಣವಿದೆ. ಆ ಎಣಿಕೆ ನರದ ಹಾನಿಯ ಅಳತೆಯೇ ಹೊರತು ನೋವಿನ ಅಳತೆಯಲ್ಲ. ಸಕ್ಕರೆ ಕಾಯಿಲೆಯಿಂದ ನರ ಹಾಳಾದ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ; ಕಾಲು ಮರಗಟ್ಟಿ, ಚಪ್ಪಲಿಯೊಳಗಿನ ಕಲ್ಲು ಹುಣ್ಣು ಮಾಡಿದರೂ ಗೊತ್ತಾಗುವುದಿಲ್ಲ. ಬಯಾಪ್ಸಿಯಲ್ಲಿ ಹೆಚ್ಚುಕಡಿಮೆ ಒಂದೇ ಎಣಿಕೆ ಬಂದ ಇಬ್ಬರಲ್ಲಿ ಒಬ್ಬರು ರಾತ್ರಿಯಿಡೀ ಎದ್ದಿರಬಹುದು, ಇನ್ನೊಬ್ಬರು ಸುಖವಾಗಿ ಮಲಗಿರಬಹುದು. ನೋವು ಹುಟ್ಟುವುದು ಸತ್ತ ತಂತುಗಳಿಂದಲ್ಲ, ಗಾಯಗೊಂಡು ಉಳಿದಿರುವ ತಂತುಗಳು ಕಾರಣವಿಲ್ಲದೆ ಸಂಕೇತ ಕಳಿಸುವುದರಿಂದ ಮತ್ತು ಆ ಸಂಕೇತಗಳಿಗೆ ಬೆನ್ನುಹುರಿಯೂ ಮಿದುಳೂ ಹೆಚ್ಚು ಹೆಚ್ಚು ಎಚ್ಚರಗೊಳ್ಳುವುದರಿಂದ. ತಂತುಗಳ ಗೋಡೆಯಲ್ಲಿ ಸೋಡಿಯಂ ಒಳಗೆ ನುಗ್ಗುವ ಸೂಕ್ಷ್ಮ ಬಾಗಿಲುಗಳಿವೆ. ಅವುಗಳಲ್ಲಿ ಎನ್‌ಎವಿ 1.7 ಎಂಬ ಒಂದು ಬಗೆಯ ಬಾಗಿಲು ಹುಟ್ಟಿನಿಂದಲೇ ಸಡಿಲವಾಗಿ ತೆರೆದುಕೊಳ್ಳುವವರಿಗೆ ಕೈಕಾಲು ಕೆಂಪೇರಿ ಉರಿಯುವ ಕಾಯಿಲೆ ಬರುತ್ತದೆಂದು 2004ರಲ್ಲಿ ತಿಳಿಯಿತು. ಅದೇ ಬಾಗಿಲು ಕೆಲಸವನ್ನೇ ಮಾಡದವರಿಗೆ ನೋವೆಂದರೇನೆಂಬುದೇ ಗೊತ್ತಿರುವುದಿಲ್ಲವೆಂದು, ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2006ರಲ್ಲಿ ತೋರಿಸಿಕೊಟ್ಟರು. ಎಣಿಸಿದರೆ ಸಾಲದು, ಉಳಿದವು ಹೇಗೆ ವರ್ತಿಸುತ್ತಿವೆ ಎಂಬುದನ್ನೂ ನೋಡಬೇಕು.

ಅದನ್ನು ನೇರವಾಗಿ ಕೇಳಿಸಿಕೊಳ್ಳುವ ವಿಧಾನವೂ ಇದೆ. ಸ್ವೀಡನ್ನಿನ ಉಪ್ಸಾಲದಲ್ಲಿ ಹಾಗ್‌ಬಾರ್ತ್ ಮತ್ತು ವಾಲ್ಬೊ 1960ರ ದಶಕದಲ್ಲಿ ಶುರುಮಾಡಿದ ಮೈಕ್ರೊನ್ಯೂರೊಗ್ರಫಿಯಲ್ಲಿ, ಎಚ್ಚರವಿರುವ ವ್ಯಕ್ತಿಯ ನರದೊಳಕ್ಕೆ ಟಂಗ್‌ಸ್ಟನ್ನಿನ ಬಲು ಸಣ್ಣ ಸೂಜಿಯನ್ನು ಇಳಿಸಿ, ಒಂದೊಂದೇ ತಂತುವಿನ ಸಂಕೇತವನ್ನು ದಾಖಲಿಸುತ್ತಾರೆ. ಯಾರೂ ಮುಟ್ಟದಿರುವಾಗಲೂ ಸಿ ತಂತು ತಾನಾಗಿ ಮಿಡಿಯುತ್ತಿರುವುದು ನರದ ನೋವಿನ ರೋಗಿಗಳಲ್ಲಿ ಹೀಗೆ ಕಂಡುಬಂದಿದೆ. ಆದರೆ ಅದಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು, ಪಳಗಿದ ಕೈ ಬೇಕು. ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅದನ್ನು ನಿರೀಕ್ಷಿಸುವ ಹಾಗಿಲ್ಲ.

ಹಾಗಾಗಿ ನಡುವಿನ ದಾರಿಯೊಂದು ಬೆಳೆದಿದೆ, ನನಗೆ ತುಂಬ ಭರವಸೆ ಮೂಡಿಸಿರುವುದೂ ಅದೇ. ಪ್ರಚೋದನೆಯನ್ನು ಕಟ್ಟುನಿಟ್ಟಾಗಿ ಅಳೆದು ಕೊಡುವುದು, ಉತ್ತರವನ್ನು ಮಾತ್ರ ರೋಗಿಯಿಂದ ಕೇಳುವುದು. ಜರ್ಮನಿಯ ನರನೋವು ಸಂಶೋಧಕರ ಒಕ್ಕೂಟ 2006ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಏಳು ಪರೀಕ್ಷೆಗಳಿಂದ 13 ಅಳತೆಗಳು ಸಿಗುತ್ತವೆ: ಯಾವ ಉಷ್ಣತೆಯಲ್ಲಿ ತಂಪು ತಿಳಿಯುತ್ತದೆ, ಯಾವುದರಲ್ಲಿ ಬಿಸಿ ತಿಳಿಯುತ್ತದೆ, ಯಾವುದರಲ್ಲಿ ಅವು ನೋವಾಗುತ್ತವೆ, ಎಷ್ಟು ತೂಕದ ಸೂಜಿಮೊನೆ ಚುಚ್ಚಿದಂತಾಗುತ್ತದೆ, ಮೃದುವಾದ ಬ್ರಷ್ ಸವರಿದರೂ ನೋಯುತ್ತದೆಯೇ ಎಂಬಂಥವು. ನಮ್ಮ ಡಯಾಬಿಟಿಸ್ ಕ್ಲಿನಿಕ್ಕುಗಳಲ್ಲಿ ಅಂಗಾಲಿಗೆ ಒತ್ತುವ ಹತ್ತು ಗ್ರಾಮಿನ ನೈಲಾನ್ ಎಳೆಯೂ 128 ಹರ್ಟ್ಸಿನ ಶ್ರುತಿಕವಲೂ ಇದೇ ಕುಲಕ್ಕೆ ಸೇರಿದವು, ಕಾಲಿನ ರಕ್ಷಣೆಗೆ ಅವು ಬಹಳ ಉಪಯುಕ್ತ; ಆದರೆ ಎರಡೂ ಮುಖ್ಯವಾಗಿ ದಪ್ಪ ತಂತುಗಳನ್ನೇ ಪರೀಕ್ಷಿಸುತ್ತವೆ ಎಂಬುದನ್ನು ಮರೆಯಬಾರದು.

ಇಂಥ ಪರೀಕ್ಷೆ ನೋವಿನ ಪ್ರಮಾಣವನ್ನಲ್ಲ, ಅದರ ಸ್ವಭಾವವನ್ನು ತಿಳಿಸುತ್ತದೆ. ಕೆಲವರ ಪಾದ ಬಿಸಿಗೂ ಚುಚ್ಚಿಗೂ ಮರಗಟ್ಟಿರುತ್ತದೆ, ಆದರೂ ನೋಯುತ್ತದೆ. ಕೆಲವರ ಪಾದ ಅವಕ್ಕೆ ಅತಿಯಾಗಿ ಸ್ಪಂದಿಸುತ್ತದೆ. ಡೆನ್ಮಾರ್ಕಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನರನೋವಿನ ರೋಗಿಗಳನ್ನು ಈ ರೀತಿ ಮೊದಲೇ ಎರಡು ಗುಂಪು ಮಾಡಿ, ಎರಡೂ ಗುಂಪಿನವರಿಗೆ ಆಕ್ಸ್‌ಕಾರ್ಬಜಪೀನ್ ಎಂಬ ಮಾತ್ರೆ ಕೊಟ್ಟು ನೋಡಿದರು. ಅತಿಯಾಗಿ ಸ್ಪಂದಿಸುವವರ ಗುಂಪಿನಲ್ಲಿ ಸುಮಾರು ನಾಲ್ವರಿಗೆ ಕೊಟ್ಟರೆ ಒಬ್ಬರ ನೋವು ಆ ಔಷಧಿಯಿಂದಲೇ ಅರ್ಧಕ್ಕಿಳಿಯಿತು. ಇನ್ನೊಂದು ಗುಂಪಿನಲ್ಲಿ ಅಂಥ ಒಬ್ಬರು ಸಿಗಲು 13 ಜನರಿಗೆ ಕೊಡಬೇಕಾಯಿತು. ನರನೋವಿನ ಚಿಕಿತ್ಸೆ ಇಂದಿಗೂ ಒಂದು ಮಾತ್ರೆ ಕೊಟ್ಟು ಆರು ವಾರ ಕಾದು, ಆಗಲಿಲ್ಲವೆಂದು ಇನ್ನೊಂದಕ್ಕೆ ಹೋಗುವ ದಾರಿ. ಆ ಆರು ವಾರಗಳ ರಾತ್ರಿಗಳನ್ನು ಪಕ್ಕದ ಕೋಣೆಯಲ್ಲಿ ಮಲಗಿ ಕಳೆದವಳಾಗಿ ಹೇಳುತ್ತೇನೆ: ಅಳತೆಯಿಂದ ಆಗಬೇಕಾದ ದೊಡ್ಡ ಉಪಕಾರ ಯಾರಿಗೆ ಯಾವ ಮಾತ್ರೆ ಎಂದು ಮೊದಲೇ ಹೇಳುವುದು. ಯಾರು ನಿಜ ಹೇಳುತ್ತಿದ್ದಾರೆಂದು ತೀರ್ಪು ಕೊಡುವುದಲ್ಲ.

ಹೊಸ ಔಷಧಿಗಳಿಗೂ ಇದೇ ಕಷ್ಟ. ಎನ್‌ಎವಿ 1.8 ಎಂಬ ಇನ್ನೊಂದು ಸೋಡಿಯಂ ಬಾಗಿಲನ್ನು ಮುಚ್ಚುವ ಸುಜೆಟ್ರಿಜಿನ್ ಎಂಬ ಔಷಧಿಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಆದರೆ ಅದು ಶಸ್ತ್ರಚಿಕಿತ್ಸೆಯ ನಂತರದಂಥ ತತ್ಕಾಲದ ನೋವಿಗೆ ಮಾತ್ರ. ಅದಕ್ಕೆ ತುಸು ಮೊದಲು, ಬೆನ್ನಿನ ನರದ ಬೇರು ಒತ್ತಿ ಕಾಲಿಗೆ ಇಳಿಯುವ ನೋವಿನವರಲ್ಲಿ ಅದನ್ನು ಪರೀಕ್ಷಿಸಿದಾಗ, ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಔಷಧಿ ತಿಂದವರ ನೋವು ಸುಮಾರು ಎರಡು ಅಂಕ ಇಳಿಯಿತು, ಹುಸಿ ಮಾತ್ರೆ ತಿಂದವರದೂ ಸುಮಾರು ಎರಡು ಅಂಕವೇ ಇಳಿಯಿತು. ಔಷಧಿಯಲ್ಲಿ ಗುಣವಿಲ್ಲವೋ, ಅಥವಾ ಇದ್ದ ಗುಣ ಆ ಅಳತೆಯಲ್ಲಿ ಮುಳುಗಿಹೋಯಿತೋ ಎಂದು ಆ ಅಂಕಗಳಿಂದ ಹೇಳಲಾಗುವುದಿಲ್ಲ. ಉತ್ತಮ ಮಾಪಕವಿಲ್ಲದೆ ಉತ್ತಮ ಔಷಧಿ ಸೋತರೆ ಅದು ಯಾರಿಗೂ ಗೊತ್ತೇ ಆಗುವುದಿಲ್ಲ.

ಇನ್ನು ಮಿದುಳು. 2013ರಲ್ಲಿ ಅಮೆರಿಕದ ನರವಿಜ್ಞಾನಿ ಟಾರ್ ವೇಜರ್ ಮತ್ತು ಸಂಗಡಿಗರು 114 ಆರೋಗ್ಯವಂತರ ಚರ್ಮಕ್ಕೆ ಬಿಸಿ ತಾಗಿಸಿ, ಕೆಲಸ ಮಾಡುತ್ತಿರುವ ಮಿದುಳನ್ನು ತೋರಿಸುವ ಎಫ್‌ಎಂಆರ್‌ಐ ಚಿತ್ರಗಳಿಂದ ನೋವಿನ ಬಿಸಿಯನ್ನೂ ಬರಿಯ ಬೆಚ್ಚನೆಯ ಸ್ಪರ್ಶವನ್ನೂ ಬೇರ್ಪಡಿಸುವ ಮಿದುಳಿನ ವಿನ್ಯಾಸವೊಂದನ್ನು ಗುರುತಿಸಿದರು. ಪತ್ರಿಕೆಗಳಲ್ಲಿ ನೋವಿನ ಮೀಟರು ಬಂತೆಂಬಂತೆ ಸುದ್ದಿಯಾಯಿತು. ಬಿಸಿಯ ನೋವು ಬೇರೆ, ವರ್ಷಗಟ್ಟಲೆ ಉಳಿಯುವ ನರದ ನೋವು ಬೇರೆ. 2017ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ ನೇಮಿಸಿದ ತಜ್ಞರ ತಂಡ, ಮಿದುಳಿನ ಚಿತ್ರವನ್ನು ಒಬ್ಬ ವ್ಯಕ್ತಿಗೆ ದೀರ್ಘಕಾಲದ ನೋವು ಇದೆ ಅಥವಾ ಇಲ್ಲ ಎಂಬುದಕ್ಕೆ ನ್ಯಾಯಾಲಯದಲ್ಲೋ ವಿಮೆಯ ವ್ಯವಹಾರದಲ್ಲೋ ಸಾಕ್ಷಿಯಾಗಿ ಬಳಸಬಾರದೆಂದು ಹೇಳಿತು. ನಾರ್ಮಲ್ ಎಂಬ ಒಂದು ಪದ ನಮ್ಮ ಮನೆಯಲ್ಲಿ ಮಾಡಿದ್ದನ್ನು ಕಂಡ ನನಗೆ ಆ ಎಚ್ಚರಿಕೆಯ ಬೆಲೆ ಗೊತ್ತು.

ನಿಜವಾಗಿ ನರನೋವಿನವರಲ್ಲೇ ಮಾಡಿದ ಕೆಲಸ 2023ರದು. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪ್ರಸಾದ್ ಶಿರ್ವಾಲ್ಕರ್ ಮತ್ತು ಸಂಗಡಿಗರು ಯಾವ ಔಷಧಿಗೂ ಜಗ್ಗದ ನೋವಿದ್ದ ನಾಲ್ವರ, ಅವರಲ್ಲಿ ಮೂವರು ಪಾರ್ಶ್ವವಾಯುವಿನ ನಂತರದ ನೋವಿನವರು, ಒಬ್ಬರು ಕತ್ತರಿಸಿಹೋದ ಕಾಲಿನಲ್ಲಿ ನೋವು ಅನುಭವಿಸುತ್ತಿದ್ದವರು, ಮಿದುಳಿನ ಎರಡು ಭಾಗಗಳಲ್ಲಿ ವಿದ್ಯುದ್ವಾರಗಳನ್ನು ಇರಿಸಿದರು. ಅವರು ತಮ್ಮ ತಮ್ಮ ಮನೆಗಳಲ್ಲೇ ಇದ್ದು, ದಿನಕ್ಕೆ ಹಲವು ಬಾರಿ ಆ ಹೊತ್ತಿನ ನೋವು ಎಷ್ಟೆಂದು ತಿಳಿಸಿ, ರಿಮೋಟಿನ ಗುಂಡಿಯೊತ್ತಿ ಆ ಕ್ಷಣದ ಮಿದುಳಿನ ಸಂಕೇತವನ್ನು ದಾಖಲಿಸುತ್ತಿದ್ದರು; ಮೂರರಿಂದ ಆರು ತಿಂಗಳು ಹೀಗೆ ನಡೆಯಿತು. ಕಣ್ಣುಗೂಡಿನ ಮೇಲಿರುವ ಆರ್ಬಿಟೊಫ್ರಾಂಟಲ್ ಕಾರ್ಟೆಕ್ಸ್ ಎಂಬ ಭಾಗದ ಸಂಕೇತಗಳಿಂದ ದೀರ್ಘಕಾಲದ ನೋವು ಯಾವಾಗ ಹೆಚ್ಚು, ಯಾವಾಗ ಕಡಿಮೆ ಎಂದು ಕಂಪ್ಯೂಟರ್ ಊಹಿಸಬಲ್ಲದಾಯಿತು; ಅದೇ ಜನರಿಗೆ ಬಿಸಿ ತಾಗಿಸಿದಾಗಿನ ನೋವು ಹೆಚ್ಚಾಗಿ ಕಂಡದ್ದು ಇನ್ನೊಂದು ಭಾಗದಲ್ಲಿ. ಡಾಲ್ ಅಳತೆಗೋಲು ಏಕೆ ನಿಲ್ಲಲಿಲ್ಲವೆಂಬುದಕ್ಕೆ ಇಷ್ಟು ವರ್ಷಗಳ ಮೇಲೆ ಮಿದುಳಿನೊಳಗಿಂದಲೇ ಸಿಕ್ಕ ಒಂದು ಉತ್ತರವೆಂದು ನಾನು ಇದನ್ನು ಓದಿಕೊಂಡೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಕಂಪ್ಯೂಟರಿಗೆ ಕಲಿಸಿದವರು ಯಾರು? ಗುಂಡಿಯೊತ್ತಿ ಈಗ ಇಷ್ಟು ಎಂದ ಆ ನಾಲ್ವರು. ಅವರ ಮಾತಿಲ್ಲದಿದ್ದರೆ ಆ ಸಂಕೇತಗಳು ಬರಿಯ ಗೀಟುಗಳು. ರೋಗಿಯ ಮಾತನ್ನು ಪಕ್ಕಕ್ಕಿಡಲೆಂದು ಕಂಡುಹಿಡಿಯುವ ಪ್ರತಿಯೊಂದು ಮಾಪಕವನ್ನೂ ರೋಗಿಯ ಮಾತಿನಿಂದಲೇ ಶ್ರುತಿಗೊಳಿಸಬೇಕಾಗಿದೆ. ನೋವಿನ ಮಾಪಕಕ್ಕೆ ಮಂಜೂ ಆ ಮಾತೇ, ಕುದಿಯುವ ನೀರೂ ಆ ಮಾತೇ. ನೋವು ಯಾವಾಗಲೂ ವ್ಯಕ್ತಿಯ ಸ್ವಂತ ಅನುಭವವೆಂದೂ, ತನಗೆ ನೋವಿದೆ ಎಂದವರ ಮಾತನ್ನು ಗೌರವಿಸಬೇಕೆಂದೂ ಆ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ ಸೇರಿಸಿದ್ದು ಇದೇ ಕಾರಣಕ್ಕಿರಬೇಕು. ಮಾತಾಡಲಾರದವರ ವಿಷಯ ಬೇರೆ, ಅವರಿಗೆ ಯಂತ್ರವೇ ಬಾಯಿ. 1980ರ ದಶಕದವರೆಗೂ ಹಸುಗೂಸುಗಳಿಗೆ ಸಾಕಷ್ಟು ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಭಾರತ ಮೂಲದ ಕನ್ವಲ್‌ಜೀತ್ ಆನಂದ್ ಆಕ್ಸ್‌ಫರ್ಡಿನಲ್ಲಿ ಅಂಥ ಮಕ್ಕಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳನ್ನು ಅಳೆದು 1987ರಲ್ಲಿ ಪ್ರಕಟಿಸಿದ ಮೇಲೆ ಆ ಪದ್ಧತಿ ಬದಲಾಗತೊಡಗಿತು. ಅಳತೆಯ ಬಗ್ಗೆ ನನ್ನ ಗೌರವ ಇಂಥ ಕಡೆ ಇನ್ನೂ ಹೆಚ್ಚುತ್ತದೆ.

ಅಮ್ಮನಿಗೆ ಬಾಯಿದೆ, ಆಣೆಯ ಲೆಕ್ಕವೂ ಇದೆ. ವೈದ್ಯರು ನರದ ನೋವಿಗೆಂದೇ ಕೊಡುವ ಮಾತ್ರೆ ಶುರುಮಾಡಿದ ದಿನ ನಾನು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಂಬಗಳನ್ನು ಗೀಚಿಕೊಟ್ಟೆ: ತಾರೀಖು, ಮಲಗುವಾಗ ಎಷ್ಟಾಣೆ, ರಾತ್ರಿ ಎಷ್ಟು ಸಲ ಎದ್ದದ್ದು, ಮಣೆ ಬೇಕಾಯಿತೋ ಇಲ್ಲವೋ. ಕೊನೆಯ ಎರಡು ಕಂಬಗಳನ್ನು ಬೇಕೆಂದೇ ಹಾಕಿದೆ, ಅವನ್ನು ನಾನೂ ನೋಡಿ ಎಣಿಸಬಹುದು. ಮೊದಲ ಎರಡು ವಾರ ಏನೂ ಬದಲಾಗಲಿಲ್ಲ. ತಲೆ ಸುತ್ತುತ್ತದೆ, ಇದನ್ನು ಬಿಟ್ಟುಬಿಡುತ್ತೇನೆ ಎಂದು ಅವಳು, ಇನ್ನು ಸ್ವಲ್ಪ ದಿನ ಎಂದು ನಾನು. ನೋವಿನ ಅಂಕ ಮೊದಲಿದ್ದುದಕ್ಕಿಂತ ಶೇಕಡಾ 30ರಷ್ಟು ಇಳಿದರೆ ರೋಗಿಗೆ ನಿಜವಾಗಿ ವ್ಯತ್ಯಾಸ ತಿಳಿಯುತ್ತದೆಂಬುದು ಔಷಧಿ ಪರೀಕ್ಷೆಗಳಲ್ಲಿ ಒಪ್ಪಿಕೊಂಡಿರುವ ಗೆರೆ. ಹನ್ನೆರಡಾಣೆಯಲ್ಲಿ ಅದು ಮೂರೂವರೆ ಆಣೆಗಿಂತ ತುಸು ಹೆಚ್ಚು. ಎಂಟನೆಯ ವಾರದ ಕೊನೆಗೆ ಪುಸ್ತಕದಲ್ಲಿ ಏಳಾಣೆ ಎಂದಿತ್ತು, ಎದ್ದ ಸಂಖ್ಯೆ ನಾಲ್ಕರಿಂದ ಒಂದಕ್ಕೋ ಎರಡಕ್ಕೋ ಇಳಿದಿತ್ತು.

ಹೋದ ತಿಂಗಳು ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿದೆವು. ಅವರು ಪುಟ ಪುಟವನ್ನೂ ತಿರುಗಿಸಿ ನೋಡಿ, ಬಯಾಪ್ಸಿಯ ವರದಿಯ ಕೆಳಗೆ 12/16ರ ಪಕ್ಕದಲ್ಲಿ 7/16 ಎಂದು ಬರೆದರು, ಮಾತ್ರೆಯನ್ನು ಹಾಗೆಯೇ ಮುಂದುವರಿಸಲು ಹೇಳಿದರು. ಮಣೆ ಇನ್ನೂ ಹಾಸಿಗೆಯ ಕಾಲ ಕಡೆಯೇ ಇದೆ. ಕಳೆದ ವಾರದ ಪುಟದಲ್ಲಿ ನಾಲ್ಕು ರಾತ್ರಿಗಳ ಎದುರು ಅಮ್ಮ ತನ್ನ ದುಂಡನೆಯ ಅಕ್ಷರದಲ್ಲಿ, ಮಣೆ ಬೇಡವಾಯಿತು, ಗೋಡೆಗೆ ಒರಗಿಸಿಟ್ಟೆ ಎಂದು ಬರೆದಿದ್ದಾಳೆ.